ಅಟ್ಟದ ಮೇಲಣ ಬಿಲ್ಲು

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಬಿಲ್ಲಿನ ಹೆಸರುಗಳಿಗೆ ಕೊರತೆಯಿಲ್ಲ. ಧನುಸ್ಸು, ಚಾಪ, ಧನ್ವ, ಶರಾಸನ, ಕೋದಂಡ, ಕಾರ್ಮುಕ, ಇಷ್ವಾಸ ಎಂದು ಏಳು ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಅದರ ನಡುವಣ ಹಿಡಿಗೆ ಲಸ್ತಕವೆಂದೂ, ತುದಿಗೆ ಅಟನಿಯೆಂದೂ, ಹೆದೆಗೆ ಮೌರ್ವಿ, ಜ್ಯಾ, ಶಿಂಜಿನಿ, ಗುಣವೆಂದೂ ನಾಲಗೆಯು ತಾನಾಗಿಯೇ ಹೇಳುತ್ತದೆ. ಹೆದೆಯ ಪೆಟ್ಟು ತಾಗದಂತೆ ಮುಂಗೈಗೆ ಕಟ್ಟುವ ಕಾಪಿಗೂ ಗೋಧಾ ಎಂಬ ಬೇರೆಯ ಹೆಸರುಂಟು. ಆದರೆ ಈ ಹೆಸರುಗಳನ್ನೆಲ್ಲ ಬಲ್ಲವನ ಕೈಗೆ ನಿಜವಾದ ಹಳೆಯ ಬಿಲ್ಲೊಂದನ್ನು ಕೊಟ್ಟು, ಇದಕ್ಕೆ ಹೆದೆಯನ್ನು ಯಾವ ಕಡೆಯಿಂದ ಏರಿಸಬೇಕೆಂದು ಕೇಳಿದರೆ ಅವನು ತಬ್ಬಿಬ್ಬಾಗುವನು. ಶಬ್ದವು ಉಳಿದು ವಸ್ತುವು ಕಣ್ಮರೆಯಾದಾಗ ವಿದ್ಯೆಗೆ ಒದಗುವ ಅವಸ್ಥೆ ಇದು. ಎಕಂಬಾ ಗ್ರಾಮದ ಒಬ್ಬ ನಿವೃತ್ತ ಸಂಸ್ಕೃತ ಮಾಸ್ತರರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಕಾರಣದಿಂದಲೇ.

ಎಕಂಬಾ ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಸೇರಿದ ಊರು. ಸುತ್ತಲೂ ಕರಿಯ ಎರೆಯ ಭೂಮಿ. ತೊಗರಿ, ಜೋಳ, ಉದ್ದು, ಹೆಸರುಗಳ ಬೆಳೆ. ೧೯೪೮ರವರೆಗೆ ಈ ಸೀಮೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದಕಾರಣ ಇಲ್ಲಿಯ ಹಳೆಯ ಮನೆಗಳಲ್ಲಿ ಮಾತು ಕನ್ನಡವಾದರೂ ಕಾಗದಪತ್ರಗಳು ಉರ್ದುವಿನಲ್ಲಿಯೂ, ಲೆಕ್ಕದ ವಹಿಗಳು ಮೋಡಿಯಲ್ಲಿಯೂ ದೊರೆಯುವುದು ಅಪರೂಪವಲ್ಲ. ಮಾಸ್ತರರ ಮನೆಯ ಅಟ್ಟದಲ್ಲಿಯೂ ಅಂತಹ ಕಟ್ಟುಗಳಿದ್ದುವು. ಅವುಗಳ ಮೇಲ್ಗಡೆ ತೊಲೆಯ ಗೂಟಕ್ಕೆ ಒಂದು ವಿಚಿತ್ರ ವಸ್ತು ತೂಗುತ್ತಿತ್ತು. ಅದು ಏಡಿಯ ಕೊಂಡಿಗಳಂತೆ ಎರಡೂ ತುದಿಗಳನ್ನು ಒಂದಕ್ಕೊಂದು ಸಮೀಪಕ್ಕೆ ತಂದುಕೊಂಡು ಬಾಗಿತ್ತು. ಮೈಮೇಲೆ ಕೆಂಪು ಬಣ್ಣದ ಮೆರುಗೆಣ್ಣೆ, ಅದರೊಳಗೆ ಮಾಸಿದ ಹೂಬಳ್ಳಿ. ಅಜ್ಜನ ಅಜ್ಜನಿಗೆ ಯಾರೋ ಸರದಾರರು ಬೇಟೆಯಲ್ಲಿ ಮೆಚ್ಚಿ ಕೊಟ್ಟ ಬಿಲ್ಲು ಅದೆಂದು ಮನೆಯವರ ಮಾತು. ಅದನ್ನು ಇಳಿಸುವ ಅಧಿಕಾರ ಕಾಕಾ ಒಬ್ಬರಿಗೇ ಇತ್ತು. ಅವರು ವರ್ಷಕ್ಕೊಮ್ಮೆ ವಿಜಯದಶಮಿಯ ಆಯುಧಪೂಜೆಗೆ ಅದನ್ನು ಇಳಿಸಿ, ಒಣ ಬಟ್ಟೆಯಿಂದ ಧೂಳು ಒರಸಿ, ಮತ್ತೆ ಅಲ್ಲಿಯೇ ತೂಗಹಾಕುವರು.

ಮಾಸ್ತರರಿಗೆ ಆಗ ಹನ್ನೆರಡು ವರುಷ. ಪಾಠಶಾಲೆಯಿಂದ ರಜಕ್ಕೆ ಊರಿಗೆ ಬಂದಿದ್ದರು. ಅಮರದ ಕ್ಷತ್ರಿಯವರ್ಗವನ್ನು ಒಪ್ಪಿಸಿ ಗುರುಗಳಿಂದ ಭಲೆ ಎನ್ನಿಸಿಕೊಂಡ ಹುರುಪು ಇನ್ನೂ ಆರಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಅಟ್ಟವೇರಿ ಬಿಲ್ಲನ್ನು ಇಳಿಸಿದರು. ಬಾಗಿದ ಬಿಲ್ಲಿನ ತೆರೆದ ಬಾಯಿಗೆ ಅಡ್ಡವಾಗಿ ಬಾವಿಯ ಹಗ್ಗದ ಎಳೆಯೊಂದನ್ನು ಬಿಗಿದರು. ಎಷ್ಟು ಸುಲಭವಾಗಿ ಹೆದೆಯೇರಿತು! ಸೀತಾಸ್ವಯಂವರದ ಕಥೆ ಮನಸ್ಸಿನಲ್ಲಿ ಆಡುತ್ತಿರಲು ಅವರು ಹೆದೆಯನ್ನು ಕಿವಿಯವರೆಗೆ ಸೆಳೆದರು. ಬಾಣವನ್ನು ಹೂಡುವ ಪ್ರಸಂಗ ಬರಲಿಲ್ಲ. ಒಣಗಿದ ಬೆತ್ತ ಮುರಿದಂತಹ ಶಬ್ದವಾಗಿ ಒಂದು ತೋಳು ಹಿಡಿಯ ಬಳಿ ಬಿರಿಯಿತು. ಕರಿಯ ಚಕ್ಕೆಗಳು ಅಟ್ಟದ ತುಂಬ ಚೆಲ್ಲಿದುವು.

ಕಾಕಾ ಹೊಡೆಯಲಿಲ್ಲ, ಬಯ್ಯಲಿಲ್ಲ. ಸಂಜೆ ಕಂದೀಲು ಹಿಡಿದು ಅಟ್ಟವೇರಿ, ಚಕ್ಕೆಗಳನ್ನು ಒಂದೊಂದಾಗಿ ಆಯ್ದು, ತಮ್ಮ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿಟ್ಟರು. ಆ ವಿಷಯವಾಗಿ ಅಂದಿನಿಂದ ತಮ್ಮ ಮರಣದವರೆಗೆ ಒಂದು ಮಾತನ್ನೂ ಆಡಲಿಲ್ಲ. ಹುಡುಗನು ಇದನ್ನು ಕ್ಷಮೆಯೆಂದು ಬಗೆದನು; ಕೆಲವು ಕಾಲದ ಮೇಲೆ ಮರೆವೆಂದು ಬಗೆದನು. ಆ ಮೇಲೆ ತಾನೂ ಮರೆತನು.

ಮೂವತ್ತು ಚಿಲ್ಲರೆ ವರುಷಗಳ ಅಧ್ಯಾಪನವು ಮುಗಿದು ಮಾಸ್ತರರು ಊರಿಗೆ ಮರಳಿದ ಮಳೆಗಾಲದಲ್ಲಿ ಅಟ್ಟದ ಮಾಳಿಗೆ ಸೋರಲಾರಂಭಿಸಿತು. ತೊಲೆ ಬದಲಿಸಲು ಬಂದ ಬಡಗಿಯು ಮೂಲೆಯ ಗಂಟನ್ನು ಕೆಳಗಿಳಿಸಿ ಬಿಚ್ಚಿದನು. ಮುರುಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಗುರುಗಳೇ, ಇದು ಒಂದೇ ಕಟ್ಟಿಗಿ ಅಲ್ಲರಿ. ಇದರಾಗ ಮೂರು ಥರ ಅವ. ಹೊರಗ ಕೋಡು, ನಡುವ ಕಟ್ಟಿಗಿ, ಒಳಗ ನರ. ಮಾಡಿದಾಂವ ಭಾಳ ದೊಡ್ಡಾಂವ ಇದ್ದಾನ" ಎಂದನು. ಮಾಸ್ತರರು ಗಂಟಿನ ಬಳಿ ಕುಳಿತರು. ಬಡಗಿಯ ಮಾತಿಗಿಂತಲೂ ಅವರ ಕಣ್ಣನ್ನು ಸೆಳೆದುದು ಬಟ್ಟೆಯ ತಳದಲ್ಲಿದ್ದ ಬೇವಿನ ಎಲೆಗಳು. ಅಡಿಯಲ್ಲಿ ಮುಟ್ಟಿದರೆ ಹುಡಿಯಾಗುವ ಎಲೆಗಳ ಪದರ, ಅದರ ಮೇಲೆ ಕಂದಿದ ಪದರ, ಅದರ ಮೇಲೆ ಇನ್ನೂ ಆಕಾರ ಕೆಡದ ಪದರ. ಯಾರೋ ವರುಷವರುಷವೂ ಗಂಟನ್ನು ಬಿಚ್ಚಿ ಹೊಸ ಎಲೆಗಳನ್ನು ಹರಡಿ ಮತ್ತೆ ಕಟ್ಟಿದ್ದರು. ಹಾಗೆ ಮಾಡುವವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಮರೆತವರು ಯಾರು, ಮರೆಯದವರು ಯಾರು ಎಂಬುದು ಮಾಸ್ತರರಿಗೆ ಅಂದು ತಿಳಿಯಿತು.

ಅಂದಿನಿಂದ ಅವರಿಗೆ ಬಿಲ್ಲಿನ ಗೀಳು ಹತ್ತಿತು. ಮೊದಲು ಅವರು ಹೋದುದು ತಮಗೆ ಪರಿಚಯವಿದ್ದ ಕಡೆಗೆ, ಎಂದರೆ ಗ್ರಂಥಗಳ ಕಡೆಗೆ. ಕೌಟಿಲ್ಯನು ಆಯುಧಾಗಾರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ ತಾಳೆ, ಬಿದಿರು, ಮರ, ಕೊಂಬು ಈ ನಾಲ್ಕರಿಂದ ಬಿಲ್ಲುಗಳಾಗುವುದನ್ನು ಹೇಳಿದ್ದಾನೆ. ಹೆದೆಗೆ ಮೂರ್ವೆ, ಎಕ್ಕೆ, ಸೆಣಬು, ಬಿದಿರು, ಸ್ನಾಯು ಮುಂತಾದುವನ್ನು ವಿಧಿಸಿದ್ದಾನೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಆ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸದೆ ಇದ್ದಿದ್ದರೆ ಈ ಸಂಗತಿ ತಾಳೆಯೋಲೆಯಲ್ಲಿಯೇ ಅಡಗಿರುತ್ತಿತ್ತು. ಅಗ್ನಿಪುರಾಣವು ಬಿಲ್ಲಿಗೆ ಲೋಹ, ಶೃಂಗ, ದಾರು ಎಂಬ ಮೂರು ದ್ರವ್ಯಗಳನ್ನು ಹೇಳುತ್ತದೆ. ಶೃಂಗದಿಂದಾದುದು ಶಾರ್ಙ್ಗ. ವಿಷ್ಣುವಿನ ಬಿಲ್ಲಿನ ಹೆಸರೇ ಅದು. ಸಹಸ್ರನಾಮದಲ್ಲಿ ಶಾರ್ಙ್ಗಧನ್ವನೆಂದು ಪ್ರತಿದಿನವೂ ಹೇಳಿದ ಬಾಯಿ, ಅದು ಕೊಂಬಿನ ಬಿಲ್ಲೆಂಬುದನ್ನು ಐವತ್ತು ವರುಷ ಯೋಚಿಸಿರಲಿಲ್ಲ!

ಗ್ರಂಥವು ಹೆಸರನ್ನು ಹೇಳಿತು. ರಚನೆಯನ್ನು ಮುರುಕು ಹೇಳಿತು. ಇಂತಹ ಬಿಲ್ಲಿನ ನಡುವೆ ಹಗುರವಾದ ಮರದ ತಿರುಳು ಇರುತ್ತದೆ. ಬಿಲ್ಲುಗಾರನ ಕಡೆಗೆ ಬರುವ ಮಗ್ಗುಲಿಗೆ ಎಮ್ಮೆಯ ಕೊಂಬಿನ ಪಟ್ಟಿಯನ್ನೂ, ಗುರಿಯ ಕಡೆಗಿರುವ ಮಗ್ಗುಲಿಗೆ ಎಳೆಎಳೆಯಾಗಿ ಬಿಡಿಸಿದ ಪ್ರಾಣಿಯ ಸ್ನಾಯುವನ್ನೂ ಅಂಟಿಸುತ್ತಾರೆ. ಬಿಲ್ಲು ಬಾಗಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡವನ್ನು ತಾಳುವುದರಲ್ಲಿ ಕೊಂಬಿಗೂ, ಎಳೆತವನ್ನು ತಾಳುವುದರಲ್ಲಿ ಸ್ನಾಯುವಿಗೂ ಮರವು ಸಮನಲ್ಲ. ಆದಕಾರಣ ಮರದ ಬಿಲ್ಲು ಮುರಿಯುವಷ್ಟು ಬಾಗಿಸಿದರೂ ಇದು ಮುರಿಯದು. ಗಿಡ್ಡದಾಗಿದ್ದರೂ ಬಲವುಳ್ಳದ್ದಾಗಿ, ಕುದುರೆಯ ಮೇಲಣ ಬೇಟೆಗಾರನಿಗೆ ಅನುಕೂಲವಾಗುತ್ತದೆ. ಇವೆಲ್ಲವನ್ನೂ ಹಿಡಿದಿಡುವುದು ಚರ್ಮವನ್ನೋ ಮೀನಿನ ಅಂಗವನ್ನೋ ಕುದಿಸಿ ತೆಗೆದ ಅಂಟು. ಬಡಗಿಯರು ಸರೇಸು ಎನ್ನುವುದು ಆ ಜಾತಿಯದೇ. ಕೊಂಬು, ಚರ್ಮಗಳನ್ನು ಕುದಿಸಿ ಮಾಡುವ ಲೇಪವನ್ನು ವರಾಹಮಿಹಿರನೂ ಬೃಹತ್ಸಂಹಿತೆಯಲ್ಲಿ ವಜ್ರಲೇಪದ ಪ್ರಕರಣದೊಳಗೆ ಹೇಳಿದ್ದಾನೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ಒಂದು ಬಿಲ್ಲು ಮುಗಿಯಲು ತಿಂಗಳುಗಳು ಬೇಕಾಗುತ್ತಿದ್ದುವು, ಕೆಲವೊಮ್ಮೆ ವರುಷವೂ ಸಾಲದಾಗುತ್ತಿತ್ತು. ಪಟ್ಟಿಗೆ ಒದಗುವ ಉದ್ದ ಕೊಂಬು ಈ ಸೀಮೆಗೆ ಹೊಸದಲ್ಲ. ಪಂಢರಪುರದ ಯಾತ್ರೆಗೆ ಹೋದವರೆಲ್ಲರೂ ಆ ಪ್ರಾಂತದ ಎಮ್ಮೆಗಳ ಕತ್ತಿಯಂತಹ ಕೊಂಬುಗಳು ಹೆಗಲನ್ನು ದಾಟಿ ಹಿಂದಕ್ಕೆ ಚಾಚಿರುವುದನ್ನು ಕಂಡವರೇ.

ಸ್ನಾಯುವು ಒಣಗುತ್ತ ಸೆಳೆಯುವುದರಿಂದ, ಹೆದೆ ಬಿಚ್ಚಿದ ಬಿಲ್ಲು ನೆಟ್ಟಗೆ ನಿಲ್ಲದೆ ಹಿಂಬದಿಗೆ ಬಾಗುತ್ತದೆ. ನಮ್ಮ ದೇಶದ ಬಿಲ್ಲುಗಳಲ್ಲಿ ಈ ಮರುಬಾಗು ಅತಿಶಯ. ನಿಜವಾಗಿ ಹೆದೆಯೇರಿಸಬೇಕಾದರೆ ಆ ಬಾಗನ್ನು ಬಿಡಿಸಿ, ಅದಕ್ಕೆ ಪೂರ್ತಿ ವಿರುದ್ಧವಾದ ಕಡೆಗೆ ಮಣಿಸಬೇಕು. ಹುಡುಗನು ಇದ್ದ ಬಾಗಿಗೇ ಹಗ್ಗ ಕಟ್ಟಿ ಎಳೆದಿದ್ದನು. ಒತ್ತಡಕ್ಕೆಂದು ಇಟ್ಟ ಕೊಂಬನ್ನು ಎಳೆತಕ್ಕೂ, ಎಳೆತಕ್ಕೆಂದು ಇಟ್ಟ ಸ್ನಾಯುವನ್ನು ಒತ್ತಡಕ್ಕೂ ಗುರಿಮಾಡಿದ್ದನು. ಸುಲಭವಾಗಿ ಹೆದೆಯೇರಿತೆಂದು ಹಿಗ್ಗಿದುದೇ ತಪ್ಪಿನ ಗುರುತಾಗಿತ್ತು. ಎಷ್ಟೋ ಹಳೆಯ ಬಿಲ್ಲುಗಳು ಹೀಗೆಯೇ, ಯುದ್ಧದಲ್ಲಿಯೂ ಬೇಟೆಯಲ್ಲಿಯೂ ಮುರಿಯದೆ, ಕುತೂಹಲಿಗಳ ಕೈಯಲ್ಲಿ ಮುರಿದಿವೆ.

ಬೀದರ ಸೀಮೆಗೂ ಬೇಟೆಯ ಬಿಲ್ಲಿಗೂ ಇರುವ ನಂಟು ಪ್ರಾಚೀನವಾದುದು. ಇದೇ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದಕ್ಕೂ ಮೃಗಯೆಗೂ ಸ್ಥಾನವುಂಟು. ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರು ಎಷ್ಟೋ ಮಂದಿ ನಿಂತಿದ್ದಾರೆ. ತರುವಾಯ ಬಹಮನಿಗಳು ಗುಲಬರ್ಗೆಯಿಂದ ಬೀದರಕ್ಕೆ ರಾಜಧಾನಿಯನ್ನು ತಂದರು. ಪಾರಸಿಕ, ತುರುಕ ಸರದಾರರೊಡನೆ ಅವರ ಬಿಲ್ಲುಗಳೂ ಬಂದುವು. ಮದ್ದುಗುಂಡು ಬಂದ ಮೇಲೆಯೂ ಬಿಲ್ಲು ಒಮ್ಮೆಲೆ ಮೂಲೆಗೆ ಸೇರಲಿಲ್ಲ. ೧೬೫೭ರಲ್ಲಿ ಔರಂಗಜೇಬನು ಬೀದರ ಕೋಟೆಯನ್ನು ಮುತ್ತಿದಾಗ ಮದ್ದಿನ ರಾಶಿಗೆ ಕಿಡಿ ತಗಲಿ ಕೋಟೆಯ ಒಡೆಯನಾದ ಸಿದ್ದಿ ಮರ್ಜಾನನು ಸುಟ್ಟು ಸತ್ತನೆಂಬುದು ಪ್ರಸಿದ್ಧ. ಆ ಶತಮಾನದಲ್ಲಿಯೂ ಸವಾರನ ಬೆನ್ನಿಗೆ ಬತ್ತಳಿಕೆ ಇದ್ದೇ ಇತ್ತು.

ಮಾಸ್ತರರ ಸಂಗ್ರಹದ ಎರಡನೆಯ ಬಿಲ್ಲು ಬೀದರದ ಒಂದು ಗುಜರಿ ಅಂಗಡಿಯಲ್ಲಿ ದೊರೆಯಿತು. ಯಾವುದೋ ನಾಟಕಮಂಡಲಿಯವರು ಶ್ರೀರಾಮನ ಪಾತ್ರಕ್ಕೆಂದು ಅದಕ್ಕೆ ಹಸುರು ಎಣ್ಣೆಬಣ್ಣ ಬಳಿದಿದ್ದರು. ಅಂಗಡಿಯವನು ಅದನ್ನು ತೂಕದ ಲೆಕ್ಕದಲ್ಲಿ ಕೊಟ್ಟನು. ಅಯಸ್ಕಾಂತ ಹಿಡಿಯುತ್ತಿತ್ತು, ಎಂದರೆ ಅಗ್ನಿಪುರಾಣವು ಹೇಳಿದ ಮೊದಲನೆಯ ದ್ರವ್ಯ! ಉಕ್ಕಿನ ಬಿಲ್ಲು ನಮ್ಮ ದೇಶದ ವಿಶೇಷ. ಕೊಂಬಿನ ಬಿಲ್ಲಿನಷ್ಟು ಚುರುಕು ಅದಕ್ಕಿಲ್ಲ. ಆದರೆ ಮಳೆಗಾಲದ ತೇವಕ್ಕೆ ಅದರ ಅಂಟು ಬಿಡುವ ಭಯವಿಲ್ಲ. ಉಗ್ರಾಣದಲ್ಲಿ ಎಷ್ಟು ವರುಷ ಇಟ್ಟರೂ ಬೇಕಾದಾಗ ಕೈಗೆ ಬರುತ್ತದೆ. ಮಾಸ್ತರರು ಉಪ್ಪುಕಾಗದವನ್ನು ಮುಟ್ಟಲಿಲ್ಲ. ಟರ್ಪೆಂಟೈನಿನಲ್ಲಿ ಅದ್ದಿದ ಅರಳೆಯಿಂದ ದಿನಕ್ಕೆ ಎರಡು ಬೆರಳಗಲದಂತೆ ಬಣ್ಣವನ್ನು ಸಡಿಲಿಸಿದರು. ಹದಿನೇಳನೆಯ ದಿನ ಹಿಡಿಯ ಬಳಿ ಕೂದಲೆಳೆಯಷ್ಟು ಚಿನ್ನದ ಗೆರೆಯೊಂದು ಮಿನುಗಿತು. ಅದನ್ನು ಬೀದರದ ಒಬ್ಬ ಬಿದರಿ ಕೆಲಸಗಾರರಿಗೆ ತೋರಿಸಲು, ಅವರು ಭೂತಗನ್ನಡಿಯಿಂದ ನೋಡಿ, ತಮ್ಮ ಕೆಲಸದಲ್ಲಿ ಲೋಹವನ್ನು ಕೊರೆದು ಬೆಳ್ಳಿಯನ್ನು ಕೂರಿಸುವರೆಂದೂ, ಇಲ್ಲಿ ಉಕ್ಕಿನ ಮೈಯನ್ನು ಅಡ್ಡಡ್ಡ ಗೀಚಿ ಒರಟುಮಾಡಿ ಅದರ ಮೇಲೆ ಚಿನ್ನದ ತಂತಿಯನ್ನು ಬಡಿದಿರುವರೆಂದೂ ತಿಳಿಸಿದರು. ಇದಕ್ಕೆ ಕೋಫ್ತಗರಿ ಎಂದು ಹೆಸರು.

ಹಳೆಯದನ್ನು ಹೊಸದರಿಂದ ಬೇರ್ಪಡಿಸುವ ವಿವೇಕವೂ ಹೀಗೆಯೇ ಕ್ರಮೇಣ ಬಂದಿತು. ಆಮ್ಲದಲ್ಲಿ ಅದ್ದಿ ಹಳೆಯದೆನ್ನಿಸಿದ ಕಬ್ಬಿಣದ ತುಕ್ಕು ಮೈಯೆಲ್ಲ ಒಂದೇ ಸಮನಾಗಿರುತ್ತದೆ. ಕಾಲವು ತಂದ ತುಕ್ಕು ಒಂದು ಕಡೆ ಆಳ, ಒಂದು ಕಡೆ ತೆಳು. ಉಪಯೋಗದಲ್ಲಿದ್ದ ಬಿಲ್ಲಿನ ಕೊಪ್ಪಿನಲ್ಲಿ ಹೆದೆಯ ಕುಣಿಕೆ ಉಜ್ಜಿದ ನುಣುಪು ಇರುತ್ತದೆ. ಹಿಡಿಯಲ್ಲಿ ಅಂಗೈ ಸವೆಸಿದ ತಗ್ಗು ಇರುತ್ತದೆ. ಗೋಡೆಯ ಅಲಂಕಾರಕ್ಕೆಂದು ಮಾಡಿದ ಬಿಲ್ಲಿಗೆ ಇವೆರಡೂ ಇಲ್ಲ. ಕೆಲವು ಆಯುಧಗಳು ತಮ್ಮ ಚರಿತ್ರೆಯನ್ನು ಮೈಮೇಲೆಯೇ ಹೊತ್ತಿರುತ್ತವೆ. ಬಿಕಾನೇರದ ಅನೂಪಸಿಂಹನು ೧೬೮೯ರ ಸುಮಾರಿಗೆ ಮೊಗಲರ ಪಕ್ಷದಲ್ಲಿ ಆದವಾನಿಯ ಕೋಟೆಯ ಯುದ್ಧದಲ್ಲಿದ್ದು ತನ್ನ ಉಗ್ರಾಣಕ್ಕೆ ಒಯ್ದ ದಖ್ಖಣದ ಆಯುಧಗಳಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ದೇವನಾಗರಿಯ ಗುರುತುಗಳುಂಟು. ಮಾಸ್ತರರ ಬಿಲ್ಲಿನಲ್ಲಿ ಅಂತಹುದೇನೂ ಇರಲಿಲ್ಲ. ಇಲ್ಲವೆಂಬುದನ್ನೂ ಅವರು ತಮ್ಮ ವಹಿಯಲ್ಲಿ ಬರೆದಿಟ್ಟರು.

ಮೂರನೆಯದು ಸಮುದ್ರವನ್ನು ದಾಟಿ ಬಂದಿತು. ಅಮೆರಿಕದಲ್ಲಿ ನೆಲೆಸಿದ ಹಳೆಯ ಶಿಷ್ಯನೊಬ್ಬನು ಗುರುಗಳ ಗೀಳನ್ನು ಕೇಳಿ, ಅಲ್ಲಿಯ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಬೇರ್ ಕಂಪನಿಯ ಬೇಟೆಯ ಬಿಲ್ಲೊಂದನ್ನು ತಂದುಕೊಟ್ಟನು. ಆ ದೇಶದಲ್ಲಿ ಬಿಲ್ಲಿನ ಬೇಟೆ ಮರುಹುಟ್ಟು ಪಡೆದ ಕಥೆ ಕೇಳತಕ್ಕದ್ದು. ಯಾಹಿ ಎಂಬ ಆದಿವಾಸಿ ಜನಾಂಗದ ಕಡೆಯವನಾದ ಇಶಿ ಎಂಬವನು ೧೯೧೧ರಲ್ಲಿ ಕಾಡಿನಿಂದ ನಾಡಿಗೆ ಬಂದನು. ಅವನಿಗೆ ಚಿಕಿತ್ಸೆ ಮಾಡಿದ ಸ್ಯಾಕ್ಸ್ಟನ್ ಪೋಪ್ ಎಂಬ ವೈದ್ಯನು ಅವನಿಂದ ಬಿಲ್ಲುವಿದ್ಯೆಯನ್ನು ಕಲಿತನು. ಇಶಿಯು ೧೯೧೬ರಲ್ಲಿ ತೀರಿಕೊಂಡನು; ವಿದ್ಯೆ ಉಳಿಯಿತು. ಪೋಪನ ಜೊತೆಗಾರ ಆರ್ಥರ್ ಯಂಗನ ಬೇಟೆಯ ಚಲಚ್ಚಿತ್ರವನ್ನು ಕಂಡ ಫ್ರೆಡ್ ಬೇರ್ ಎಂಬವನು ೧೯೩೩ರಲ್ಲಿ ಬಿಲ್ಲಿನ ಕಂಪನಿಯನ್ನು ಸ್ಥಾಪಿಸಿದನು. ಈ ಬಿಲ್ಲುಗಳ ತುದಿಗಳೂ ಹಿಂದಕ್ಕೆ ಬಾಗಿರುತ್ತವೆ. ನಡುವೆ ಮರದ ಪಟ್ಟಿ, ಎರಡು ಮಗ್ಗುಲಿಗೂ ಗಾಜಿನ ನಾರಿನ ಪಟ್ಟಿ. ಕೊಂಬೂ ಸ್ನಾಯುವೂ ಮಾಡುತ್ತಿದ್ದ ಎರಡು ಕೆಲಸಗಳನ್ನು ಈಗ ಗಾಜೊಂದೇ ಮಾಡುತ್ತದೆ; ಯುಕ್ತಿ ಹಳೆಯದು, ದ್ರವ್ಯ ಹೊಸದು. ತೋಳಿನ ಮೇಲೆ ಬರೆದ ಅಂಕಗಳಿಂದ ಅದರ ಉದ್ದ, ಬಲಗಳನ್ನೂ, ಹಿಡಿಯಲ್ಲಿ ಕೂರಿಸಿದ ಪದಕದ ಲೋಹದಿಂದ ಅದರ ಕಾಲವನ್ನೂ ಅಲ್ಲಿಯ ಸಂಗ್ರಾಹಕರು ನಿರ್ಣಯಿಸುತ್ತಾರೆ.

ಈ ಬಿಲ್ಲು ಜೀವಂತವಾದುದರಿಂದ ಅದರ ಉಪಚಾರವೂ ಬೇರೆ. ಮಾಸ್ತರರು ಮೊದಲು ಅರಳೆಯ ಉಂಡೆಯನ್ನು ತೋಳಿನ ಉದ್ದಕ್ಕೂ ಎಳೆದರು. ಎಲ್ಲಿಯಾದರೂ ನಾರು ಎದ್ದಿದ್ದರೆ ಅಥವಾ ಬಿರುಕಿದ್ದರೆ ಅರಳೆ ಸಿಕ್ಕಿಕೊಳ್ಳುವುದು. ಒಂದು ತೋಳು ಸ್ವಲ್ಪ ತಿರುಚಿತ್ತು. ವರುಷಗಟ್ಟಲೆ ಓರೆಯಾಗಿ ಮೂಲೆಗೆ ಒರಗಿಸಿದುದರ ಫಲವದು. ಅದನ್ನು ಬಿಸಿನೀರಿನ ಶಾಖದಿಂದ ಮೃದುಮಾಡಿ ಎದುರು ದಿಕ್ಕಿಗೆ ಮೆಲ್ಲಗೆ ತಿರುವಿ, ತಣ್ಣಗಾಗುವವರೆಗೆ ಹಿಡಿದು, ಎಷ್ಟೋ ದಿನ ಮಾಡಿದ ಮೇಲೆ ನೇರವಾಯಿತು. ಹೆದೆಯೇರಿಸುವಾಗ ಕಾಲಿಗೆ ಅಡ್ಡಗೊಟ್ಟು ಮಣಿಸದೆ, ಎರಡು ತುದಿಗಳಿಗೂ ಸಮನಾಗಿ ಬಲ ಬೀಳುವಂತೆ ಹಗ್ಗವನ್ನು ತೊಡಿಸಿ ಎತ್ತಬೇಕು. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡಲೇಕೂಡದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತಿರುಗಿ ಬಿಲ್ಲಿಗೇ ಬಡಿಯುತ್ತದೆ. ಮನುಷ್ಯನ ಕೋಪಕ್ಕೂ ಈ ನಿಯಮವು ಸಲ್ಲುವುದೆಂದು ಮಾಸ್ತರರು ನಗುತ್ತ ಹೇಳುವುದುಂಟು.

ಹೀಗೆ ಎರಡನ್ನು ನೇರ್ಪಡಿಸಿದ ಮೇಲೆ ಅವರ ಮನಸ್ಸು ಮೊದಲನೆಯದರ ಕಡೆಗೆ ತಿರುಗಿದುದು ಸಹಜವೇ. ಬಡಗಿಯು ಸಿದ್ಧನಿದ್ದನು. ಹೊಸ ಕೊಂಬಿನ ಪಟ್ಟಿ ಹಾಕೋಣ, ಹೊಸ ಅಂಟು ಹಚ್ಚೋಣ, ಮತ್ತೆ ಹೆದೆಯೇರಿಸೋಣ ಎಂದನು. ಆ ಮಾತು ಮಾಸ್ತರರಿಗೆ ಅಮೃತದಂತೆ ಕೇಳಿಸಿತು. ಅರ್ಧ ಶತಮಾನದ ಹಿಂದಿನ ಒಂದು ಮಧ್ಯಾಹ್ನವನ್ನು ಅಳಿಸಿಬಿಡುವ ಉಪಾಯವು ಕೈಗೆಟುಕುವಂತೆ ಇತ್ತು. ಆದರೆ ಒಂದು ಸಲ ಅವಸರಿಸಿ ಕೆಟ್ಟವರಾದುದರಿಂದ, ಹೈದರಾಬಾದಿನಲ್ಲಿ ಪ್ರಾಚೀನ ವಸ್ತುಗಳ ಸಂರಕ್ಷಣೆಯಲ್ಲಿ ಪಳಗಿದ ಒಬ್ಬ ವಿದುಷಿಗೆ ಮುರುಕನ್ನು ತೋರಿಸಿದರು. ಆಕೆ ಕೈಗವಸು ತೊಟ್ಟು ಚಕ್ಕೆಗಳನ್ನೆಲ್ಲ ಜೋಡಿಸಿ ನೋಡಿ, ಒಂದೂ ಕಳೆದಿಲ್ಲವೆಂದು ಆಶ್ಚರ್ಯಪಟ್ಟರು. ಬಳಿಕ ಇಷ್ಟೇ ಹೇಳಿದರು: "ಹೊಸ ಪಟ್ಟಿ ಹಾಕಿದರೆ ನಿಮ್ಮ ಹತ್ತಿರ ಒಂದು ಹೊಸ ಬಿಲ್ಲು ಇರುತ್ತದೆ, ಗುರುಗಳೇ, ಹಳೆಯದು ಇರುವುದಿಲ್ಲ. ಈ ಮುರಿದ ಬಾಯಿಯಿಂದಲೇ ಇದರ ಒಡಲು ಕಾಣುತ್ತದೆ. ಇಡಿಯಾಗಿದ್ದ ಬಿಲ್ಲು ಇಷ್ಟನ್ನು ಹೇಳುತ್ತಿರಲಿಲ್ಲ."

ಮಾಸ್ತರರು ಆ ರಾತ್ರಿ ನಿದ್ರೆ ಮಾಡಲಿಲ್ಲವಂತೆ. ನಡುವೆ ಪಟ್ಟಣದ ವ್ಯಾಪಾರಿಯೊಬ್ಬನು ಬಂದು, ಅದನ್ನು ಹೊಸದರಂತೆ ಮಾಡಿಸಿ ಹೊರದೇಶಕ್ಕೆ ಕಳಿಸುವುದಾಗಿ ಹೇಳಿ ದೊಡ್ಡ ಬೆಲೆ ಕಟ್ಟಿದನು. ನೂರು ವರುಷಕ್ಕೆ ಕಡಿಮೆಯಲ್ಲದ ಇಂತಹ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದು ೧೯೭೨ರ ಪ್ರಾಚೀನ ವಸ್ತುಗಳ ಶಾಸನಕ್ಕೆ ವಿರುದ್ಧವೆಂದು ಮಾಸ್ತರರು ತಿಳಿಸಲು ಅವನು ಚಹವನ್ನೂ ಮುಗಿಸದೆ ಎದ್ದುಹೋದನು. ಕಡೆಗೆ ವಿದುಷಿಯ ಮಾತೇ ಗೆದ್ದಿತು. ಏಳುತ್ತಿದ್ದ ಮೆರುಗೆಣ್ಣೆಯ ಹೊಪ್ಪಳಿಕೆಗಳನ್ನು ತೆಳುವಾದ ಅಂಟಿನಿಂದ ಕೂರಿಸಿದರು. ಬೇಕಾದರೆ ಮುಂದಿನವರು ಬಿಡಿಸಿಕೊಳ್ಳಬಹುದಾದ ಅಂಟು ಅದು. ನೀರಿನ ಬಟ್ಟೆಯನ್ನು ಸೋಕಿಸಲಿಲ್ಲ, ಎಣ್ಣೆಯನ್ನು ಹಚ್ಚಲಿಲ್ಲ. ಕೊಂಬನ್ನೂ ಸ್ನಾಯುವನ್ನೂ ತಿನ್ನುವ ಹುಳುಗಳಿಗೆ ಎಡೆಗೊಡದಂತೆ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಬಡಗಿಯೇ ಮಾಡಿಕೊಟ್ಟನು. ಮುರಿದ ತೋಳು ಮುರಿದಂತೆಯೇ ಉಳಿಯಿತು.

ಅದು ಇನ್ನು ಬೇಟೆಗೆ ಹೋಗತಕ್ಕದ್ದೂ ಅಲ್ಲ. ಬೇಟೆಯೇ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ನಿಂತಿದೆ. ಒಂದು ಕಾಲಕ್ಕೆ ಆ ಬಿಲ್ಲಿಗೆ ಗುರಿಯಾಗಿದ್ದಿರಬಹುದಾದ ಕೃಷ್ಣಮೃಗಗಳು ಬೀದರ ಜಿಲ್ಲೆಯ ಬಯಲುಗಳಲ್ಲಿ ಇಂದಿಗೂ ಇವೆ. ಹೆಸರಿನ ಹೊಲಕ್ಕೆ ನುಗ್ಗಿ ರೈತರ ಬಯ್ಗುಳವನ್ನು ತಿನ್ನುತ್ತವೆ. ಮಾಸ್ತರರು ಬೆಳಗಿನ ಜಾವ ಅವುಗಳನ್ನು ನೋಡಲು ಹೋಗುವುದುಂಟು, ಬರಿಗೈಯಲ್ಲಿ.

ಕಳೆದ ವಿಜಯದಶಮಿಗೆ ಮೊಮ್ಮಗನು ಬಂದಿದ್ದನು. ಅಮೆರಿಕದ ಬಿಲ್ಲಿಗೆ ಅಜ್ಜನೇ ಹೆದೆಯೇರಿಸಿಕೊಟ್ಟು, ಹುಲ್ಲಿನ ಬಣವೆಗೆ ನಾಲ್ಕು ಬಾಣ ಬಿಡಿಸಿದರು. ಆಮೇಲೆ ಹುಡುಗನು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಇದನ್ನು ಮುರಿದವರಾರು ಎಂದು ಕೇಳಿದನು. ನಾನೇ ಎಂದು ಅಜ್ಜನು ಹೇಳಿದನು. ಎಂತು ಮುರಿಯಿತೆಂಬುದನ್ನೂ, ಯಾವ ಕಡೆಗೆ ಬಾಗಿಸಬೇಕಾಗಿತ್ತೆಂಬುದನ್ನೂ ಬೆರಳಿನಿಂದ ತೋರಿಸಿದನು. ಕಾಕಾ ಆಡದೆ ಬಿಟ್ಟಿದ್ದ ಮಾತು ಐದು ದಶಕಗಳ ಮೇಲೆ ಹೀಗೆ ಆ ಮನೆಯಲ್ಲಿ ಆಡಲ್ಪಟ್ಟಿತು. ಬಳಿಕ ಇಬ್ಬರೂ ಅಂಗಳದ ಬೇವಿನ ಮರದಿಂದ ಎಲೆಗಳನ್ನು ಕಿತ್ತು ತಂದು, ಬಿಸಿಲಿಗೆ ಒಣಗಿಸಿ, ಆ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಟ್ಟರು.